ಬನ್ಯನನ ಅನುಮಾನ: ಗೀಳು ಮನೋರೋಗದ ಸಂಶೋಧನೆಯೂ 'ನಾನು ಎಂಥವನು' ಎಂಬ ಪ್ರಶ್ನೆಯೂ

ಕನ್ನಡ ಕ್ರೈಸ್ತ ಓದುಗರಿಗೆ ಜಾನ್ ಬನ್ಯನ್ ಎಂದರೆ 'ಯಾತ್ರಿಕನ ಸಂಚಾರ'ದ ಕರ್ತೃ. 19ನೆಯ ಶತಮಾನದ ಮಿಶನರಿಗಳ ಕಾಲದಲ್ಲಿಯೇ ಆ ಕೃತಿ ನಮ್ಮ ಭಾಷೆಗೆ ಬಂದಿತು. ಆದರೆ ಅದು ಮೂಲದಲ್ಲಿ ಅಚ್ಚಾಗುವುದಕ್ಕೆ 12 ವರ್ಷ ಮೊದಲು, 1666ರಲ್ಲಿ, ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದುಕೊಂಡು ಬನ್ಯನನು ಪ್ರಕಟಿಸಿದ ಆತ್ಮಕಥನವನ್ನು ನಮ್ಮಲ್ಲಿ ಓದುವವರು ವಿರಳ. ಇಂಗ್ಲಿಷಿನಲ್ಲಿ 'ಗ್ರೇಸ್ ಅಬೌಂಡಿಂಗ್' ಎಂದು ಕರೆಯಲಾಗುವ ಈ ಕೃತಿ, ಪಾಪಿಗಳಲ್ಲಿ ಮುಖ್ಯನಾದವನಿಗೂ ಹೆಚ್ಚಿ ಹರಿದ ಕೃಪೆಯ ಕಥೆಯೆಂದು ತನ್ನನ್ನು ತಾನೇ ಪರಿಚಯಿಸಿಕೊಳ್ಳುತ್ತದೆ. ಪರಿವರ್ತನೆಯ ಸಾಕ್ಷಿಯೆಂದು ಇದನ್ನು ಓದುವುದು ವಾಡಿಕೆ. ಗೀಳು ಮನೋರೋಗವನ್ನು ಕುರಿತ ಇತ್ತೀಚಿನ ಮನೋವಿಜ್ಞಾನದ ಬೆಳಕಿನಲ್ಲಿ ಓದಿದರೆ ಈ ಪುಸ್ತಕದ ನಡುಭಾಗ ಬೇರೆಯದೇ ಆಗಿ ಕಾಣುತ್ತದೆ. ಹಾಗೆಯೇ, ಬನ್ಯನನ ಬೆಳಕಿನಲ್ಲಿ ಓದಿದರೆ ಆ ಸಂಶೋಧನೆಯ ಒಂದು ಕೊರತೆಯೂ ಕಾಣುತ್ತದೆ. ಈ ಎರಡು ಓದುಗಳನ್ನೂ ಒಟ್ಟಿಗೆ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಪುಸ್ತಕದಿಂದಲೇ ಒಂದು ಪ್ರಸಂಗ. ಯೌವನದಲ್ಲಿ ಬನ್ಯನನಿಗೆ ಎಲ್‌ಸ್ಟೋ ಗ್ರಾಮದ ದೇವಾಲಯದ ಗಂಟೆ ಬಾರಿಸುವುದೆಂದರೆ ಪ್ರೀತಿ. ಅದು ವ್ಯರ್ಥ ವಿನೋದವೆಂದು ಮನಸ್ಸಾಕ್ಷಿ ಚುಚ್ಚಿದಾಗ ಬಾರಿಸುವುದನ್ನು ಬಿಟ್ಟನು, ಆದರೆ ನೋಡಲು ಹೋಗುತ್ತಿದ್ದನು. ಗಂಟೆ ಕಳಚಿ ತನ್ನ ಮೇಲೆ ಬಿದ್ದರೆ ಎಂಬ ಯೋಚನೆ ಬಂದಿತು; ಗೋಪುರದ ದೊಡ್ಡ ತೊಲೆಯ ಕೆಳಗೆ ನಿಂತನು. ಗಂಟೆ ಗೋಡೆಗೆ ಬಡಿದು ಪುಟಿದು ಬಂದರೆ ತೊಲೆ ಕಾಪಾಡುವುದೇ ಎಂಬ ಯೋಚನೆ ಬಂದಿತು, ಬಾಗಿಲಿಗೆ ಸರಿದನು. ಕೊನೆಗೆ ಗೋಪುರವೇ ಕುಸಿದರೆ ಎಂಬ ಯೋಚನೆ ಬಂದಿತು. ಅಲ್ಲಿ ನಿಲ್ಲಲಾರದೆ ಓಡಿದನು. ಸುರಕ್ಷಿತವಾದ ಪ್ರತಿಯೊಂದು ಜಾಗವೂ ಹೊಸದೊಂದು 'ಆದರೆ'ಯನ್ನು ಹುಟ್ಟಿಸುತ್ತದೆ. ಪುಸ್ತಕದ ಮುಂದಿನ ಯಾತನೆಯೆಲ್ಲ ಈ ಚಿಕ್ಕ ಪ್ರಸಂಗದಲ್ಲಿ ಅಡಕವಾಗಿದೆ. ಮುಂದೆ ಬದಲಾಗುವುದು ವಿಷಯ ಮಾತ್ರ: ಗಂಟೆಯ ಜಾಗದಲ್ಲಿ ಕ್ರಿಸ್ತನನ್ನು ಕಳೆದುಕೊಳ್ಳುವ ಭಯ ಬಂದು ನಿಲ್ಲುತ್ತದೆ.

ಕ್ರಿಸ್ತನನ್ನು ಮಾರಿಬಿಡು ಎಂಬ ಮಾತು ಸುಮಾರು ಒಂದು ವರ್ಷ ಅವನ ಮನಸ್ಸಿನೊಳಗೆ ಮೊಳಗಿತು. ಊಟಕ್ಕೆ ಕುಳಿತಾಗ, ಸೂಜಿ ಎತ್ತಿಕೊಳ್ಳಲು ಬಾಗಿದಾಗ, ಕಟ್ಟಿಗೆ ಸೀಳುವಾಗ, ಎಲ್ಲೆಂದರಲ್ಲಿ. ಮಾರುವುದಿಲ್ಲ, ಸಾವಿರ ಲೋಕಗಳನ್ನು ಕೊಟ್ಟರೂ ಮಾರುವುದಿಲ್ಲ ಎಂದು ಪ್ರತಿಬಾರಿಯೂ ಉತ್ತರಿಸಲೇಬೇಕಾಗಿತ್ತು. ಆ ಪ್ರತಿರೋಧ ಬರಿಯ ಮನಸ್ಸಿನದಲ್ಲ. ಕೈಗಳಿಂದಲೂ ಮೊಣಕೈಗಳಿಂದಲೂ ಏನನ್ನೋ ತಳ್ಳುವ ಹಾಗೆ ದೇಹವೂ ಅಲುಗುತ್ತಿತ್ತೆಂದು ಅವನೇ ಬರೆಯುತ್ತಾನೆ. ಒಂದು ಬೆಳಗ್ಗೆ ಹಾಸಿಗೆಯಲ್ಲಿ, ದಣಿದ ಮನಸ್ಸಿನಲ್ಲಿ, ಹೋಗುವುದಾದರೆ ಹೋಗಲಿ ಎಂಬ ಯೋಚನೆ ಹಾದುಹೋಯಿತು. ಅಷ್ಟೇ. ಅನಂತರದ ಸುಮಾರು ಎರಡು ವರ್ಷ ಅವನು ತನ್ನನ್ನು ಏಸಾವನೆಂದು, ಯೂದನೆಂದು, ಕ್ಷಮೆಯಿಲ್ಲದ ಪಾಪ ಮಾಡಿದವನೆಂದು ಎಣಿಸಿಕೊಂಡನು. ದಾವೀದನ, ಮನಸ್ಸೆಯ, ಪೇತ್ರನ ಪಾಪಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿಟ್ಟು ತನ್ನದೇ ಭಾರವೆಂದು ತೀರ್ಮಾನಿಸಿದನು. ಒಬ್ಬ ಹಿರಿಯ ವಿಶ್ವಾಸಿಯ ಬಳಿ ಹೋಗಿ, ಪವಿತ್ರಾತ್ಮನಿಗೆ ವಿರೋಧವಾದ ಪಾಪವನ್ನು ಮಾಡಿದೆನೆಂದು ಅಂಜುತ್ತೇನೆ ಎಂದಾಗ, ತನಗೂ ಹಾಗೆಯೇ ತೋರುತ್ತದೆ ಎಂಬ ಉತ್ತರ ಅವನಿಗೆ ಸಿಕ್ಕಿತು. ಪಾಲನಾ ಸೇವೆಯ ಪಾಠಪಟ್ಟಿಯಲ್ಲಿ ಈ ಒಂದು ವಾಕ್ಯ ಸೇರಿದ್ದರೆ ಎಷ್ಟೋ ಉಪನ್ಯಾಸಗಳ ಕೆಲಸವನ್ನು ಅದೇ ಮಾಡುತ್ತಿತ್ತು.

ಮನೋವಿಜ್ಞಾನಿಗಳು ಈ ಪುಟಗಳನ್ನು ಗಮನಿಸಿದ್ದು ಇಂದು ನಿನ್ನೆಯಲ್ಲ. 1894ರಲ್ಲಿ ಜೋಸಾಯ ರಾಯ್ಸ್ ಬನ್ಯನನ ಪ್ರಕರಣವನ್ನು ಕುರಿತೇ ಒಂದು ಪ್ರಬಂಧವನ್ನು ಬರೆದರು. 1902ರಲ್ಲಿ ವಿಲಿಯಂ ಜೇಮ್ಸ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅವನನ್ನು ರೋಗಗ್ರಸ್ತ ಆತ್ಮಗಳ ಸಾಲಿಗೆ ಸೇರಿಸಿದರು. ಮೂರು ಶತಮಾನಗಳ ಹಿಂದೆ ಸತ್ತವನಿಗೆ ರೋಗದ ಚೀಟಿ ಅಂಟಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ. ಆ ಲಕ್ಷಣಗಳು ಇಂದಿನ ಚಿಕಿತ್ಸಾಲಯಗಳಲ್ಲಿ ಕಾಣುವವುಗಳಿಗೆ ಎಷ್ಟು ಹತ್ತಿರವೆಂಬುದಂತೂ ತೆರೆದ ಪುಟದಲ್ಲಿದೆ: ಬೇಡವೆಂದರೂ ನುಗ್ಗಿ ಬರುವ ಗೀಳು ಆಲೋಚನೆ, ಅದು ತರುವ ತಳಮಳ, ಆ ತಳಮಳವನ್ನು ತಣಿಸಲು ಮತ್ತೆ ಮತ್ತೆ ಮಾಡಲೇಬೇಕಾದ ಒತ್ತಾಯದ ಕ್ರಿಯೆ. ಕೈ ತೊಳೆಯುವುದು, ಬೀಗ ಎಳೆದು ನೋಡುವುದು ಮಾತ್ರ ಒತ್ತಾಯದ ಕ್ರಿಯೆಯಲ್ಲ. ಮನಸ್ಸಿನೊಳಗೆ ಹೇಳಿಕೊಳ್ಳುವ ಪ್ರಾರ್ಥನೆಯೂ ಆಗಬಹುದು, ಸಭಾಪಾಲಕನಿಗೆ ಕೇಳುವ ಪ್ರಶ್ನೆಯೂ ಆಗಬಹುದು.

ಈ ಸಂಶೋಧನೆಯ ಮೊದಲ ದೊಡ್ಡ ಹೆಜ್ಜೆ ಸರಳವಾದದ್ದು. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ವಿದ್ವಾಂಸರು ಯಾವ ಕಾಯಿಲೆಯೂ ಇಲ್ಲದವರನ್ನು ವಿಚಾರಿಸಿದಾಗ 100ಕ್ಕೆ ಸುಮಾರು 80 ಮಂದಿ ತಮಗೂ ಇಂಥ ಆಲೋಚನೆಗಳು ಬರುತ್ತವೆಂದರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13 ದೇಶಗಳ 777 ವಿದ್ಯಾರ್ಥಿಗಳ ಪೈಕಿ 100ಕ್ಕೆ ಸುಮಾರು 94 ಮಂದಿ, ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಬೇಡದ ಆಲೋಚನೆ ನುಗ್ಗಿ ಬಂದಿತ್ತೆಂದು ಹೇಳಿದರು. ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿಯುವ ತಾಯಿಗೆ, ಪಾತ್ರೆಯನ್ನು ಎತ್ತಿ ಹಿಡಿದ ಯಾಜಕನಿಗೆ, ಭೀಕರವಾದದ್ದೊಂದು ಮಿಂಚಿ ಮರೆಯಾಗುತ್ತದೆ. ಹೆಚ್ಚಿನವರು ಅದನ್ನು ಕಸದಂತೆ ಬಿಟ್ಟು ಮುಂದೆ ಹೋಗುತ್ತಾರೆ. 1997ರಲ್ಲಿ ರಾಕ್‌ಮನ್ನರು ಮಂಡಿಸಿದ ಸಿದ್ಧಾಂತದಂತೆ, ರೋಗಿಯು ಅದನ್ನು ಬಿಡಲಾರದಿರುವುದಕ್ಕೆ ಕಾರಣ ಅದಕ್ಕೆ ಅವನು ಕೊಡುವ ಅರ್ಥ: ಇದು ನನಗೆ ಬಂದಿತೆಂದ ಮೇಲೆ ನಾನು ಇಂಥವನೇ.

ಹೀಗೆ ಪ್ರಶ್ನೆ ಆಲೋಚನೆಯಿಂದ 'ನಾನು' ಎಂಬಲ್ಲಿಗೆ ಸರಿಯಿತು. ಗ್ವಿಡಾನೊ ಮತ್ತು ಲಿಯೊಟ್ಟಿ 1983ರಲ್ಲೇ, ಇಂಥ ರೋಗಿಗಳಲ್ಲಿ ತಮ್ಮ ಕುರಿತೇ ಒಂದು ಇಬ್ಬಂದಿತನವಿದೆ, ತಾವು ಒಳ್ಳೆಯವರೋ ಕೆಟ್ಟವರೋ ಎಂಬುದು ಅವರಿಗೆ ಎಂದೂ ಇತ್ಯರ್ಥವಾಗುವುದಿಲ್ಲ ಎಂದಿದ್ದರು. 2007ರಲ್ಲಿ ಆರ್ಡೆಮ ಮತ್ತು ಓಕಾನರ್ ಇನ್ನೂ ಮುಂದೆ ಹೋದರು. ಅವರ ಪ್ರಕಾರ ರೋಗಿಯನ್ನು ಕಾಡುವುದು ತಾನು ಏನಾಗಿದ್ದಾನೆ ಎಂಬುದಲ್ಲ, ಏನಾಗಿರಬಹುದು ಎಂಬುದು. 'ಅಂಜಿಕೆಯ ನಾನು' ಎಂದು ಅದನ್ನು ಕರೆಯೋಣ. ದೇವರನ್ನು ಪ್ರೀತಿಸುವವನಿಗೆ ದೇವದೂಷಣೆಯ ಗೀಳು, ಮಕ್ಕಳನ್ನು ಪ್ರೀತಿಸುವವನಿಗೆ ಮಕ್ಕಳನ್ನು ಕೊಲ್ಲುವ ಗೀಳು ಹಿಡಿಯುವುದು ಇದರಿಂದ. ಯಾವುದು ತನ್ನ ಹೃದಯಕ್ಕೆ ಅತ್ಯಂತ ಅನ್ಯವೋ ಅದೇ ತನ್ನ ಗುಟ್ಟಾದ ಮುಖವಾಗಿರಬಹುದೆಂಬ ಸಂದೇಹ. ಬನ್ಯನನು ಕ್ರಿಸ್ತನನ್ನು ಪ್ರೀತಿಸದಿದ್ದರೆ ಆ ಬೆಳಗಿನ ಯೋಚನೆ ಅವನನ್ನು ಒಂದು ಗಂಟೆಯೂ ಕಾಡುತ್ತಿರಲಿಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ಶಬ್ದ ನೆರವಿಗೆ ಬರುತ್ತದೆ. ಶಾಸ್ತ್ರದಲ್ಲಿ 'ಅನುಮಾನ' ಎಂದರೆ ಪ್ರಮಾಣ: ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆಯೆಂದು ತಿಳಿಯುವುದು. ಮನೆಮಾತಿನಲ್ಲಿ 'ಅನುಮಾನ' ಎಂದರೆ ಸಂಶಯ. ಓಕಾನರ್ ಮತ್ತು ಅವರ ಜೊತೆಗಾರರ ಮುಖ್ಯ ವಾದವೇ ಇದು: ಗೀಳಿನಲ್ಲಿ ಎರಡನೆಯ ಅನುಮಾನ ಮೊದಲನೆಯದರ ವೇಷ ಹಾಕುತ್ತದೆ. ರೋಗಿಗೆ ತಾನು ತರ್ಕ ಮಾಡುತ್ತಿದ್ದೇನೆಂದೇ ತೋರುತ್ತದೆ. ಆದರೆ ಬೆಟ್ಟದ ಮೇಲೆ ಹೊಗೆಯಿಲ್ಲ. ಬೆಟ್ಟಗಳಲ್ಲಿ ಬೆಂಕಿ ಬೀಳುವುದುಂಟು ಎಂಬ ಸಾಮಾನ್ಯ ಜ್ಞಾನವಷ್ಟೇ ಇದೆ. ಹೊಗೆ ಕಾಣದಿರುವುದೂ ಬೆಂಕಿ ಒಳಗೊಳಗೇ ಉರಿಯುತ್ತಿರುವುದಕ್ಕೆ ಸಾಕ್ಷಿಯಾಗುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಏಸಾವನಿಗೆ ಪಶ್ಚಾತ್ತಾಪಕ್ಕೆ ಅವಕಾಶ ಸಿಗಲಿಲ್ಲವೆಂದು ಓದಿದ ಬನ್ಯನನು, ಏಸಾವನು ಇದ್ದನೆಂಬ ಮಾತ್ರಕ್ಕೆ ತಾನೇ ಏಸಾವನೆಂದು ಊಹಿಸಿದನು. ಆ ವಾಕ್ಯ ಅವನ ಬದುಕಿನ ಯಾವ ಕೃತ್ಯವನ್ನು ಕುರಿತದ್ದು ಎಂದು ಕೇಳಿದ್ದರೆ ಉತ್ತರವಿರಲಿಲ್ಲ.

ಈ ಸಂಶೋಧನೆಯು ನಮ್ಮ ಮೇಲೆ ಹೊರಿಸುವ ಆರೋಪವೊಂದಿದೆ. ಅದನ್ನು ಮೊದಲು ಕೇಳಿಸಿಕೊಳ್ಳುವುದು ನ್ಯಾಯ. ಆಲೋಚಿಸುವುದೂ ಮಾಡುವುದೂ ನೈತಿಕವಾಗಿ ಒಂದೇ ಎಂಬ ನಂಬಿಕೆಯನ್ನು 1996ರಲ್ಲಿ ಶಾಫ್ರಾನ್ ಮತ್ತಿತರರು ಅಳೆಯತೊಡಗಿದರು. 2001ರಲ್ಲಿ ಕೊಹೆನ್ ಮತ್ತು ರೋಜಿನ್ ತೋರಿಸಿದಂತೆ, ಮನಸ್ಸಿನಲ್ಲಿ ಸುಳಿದದ್ದಕ್ಕೆ ಯೆಹೂದ್ಯರಿಗಿಂತ ಪ್ರಾಟೆಸ್ಟೆಂಟರು ಹೆಚ್ಚಿನ ನೈತಿಕ ತೂಕ ಕೊಡುತ್ತಾರೆ; ಆಲೋಚನೆಗಳು ನಮ್ಮ ಹತೋಟಿಯಲ್ಲಿವೆಯೆಂದೂ ಹೆಚ್ಚು ನಂಬುತ್ತಾರೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮತ್ತಾಯ 5:28ನ್ನು ಕುರಿತು ನಮ್ಮ ವೇದಿಕೆಗಳಿಂದ ಬರುವ ಪ್ರಸಂಗಗಳನ್ನು ಕೇಳಿದರೆ ಸಾಕು. ಆ ವಾಕ್ಯದ ಗ್ರೀಕ್ ಮೂಲದಲ್ಲಿರುವ 'ಪ್ರೊಸ್ ತೊ ಎಪಿಥುಮೇಸೈ' ಎಂಬ ರಚನೆಯು ಉದ್ದೇಶವನ್ನು ಸೂಚಿಸುತ್ತದೆ: ಮೋಹಿಸುವುದಕ್ಕಾಗಿಯೇ ನೋಡುವ ನೋಟ. ಅಲ್ಲಿ ಕರ್ತನು ಖಂಡಿಸುವುದು ಹೃದಯವು ಆರಿಸಿಕೊಂಡ ದಿಕ್ಕನ್ನು, ಕಣ್ಣೆದುರು ಹಾದುಹೋದ ನೆರಳನ್ನಲ್ಲ. ಗ್ರೀಕ್ ವ್ಯಾಕರಣದ ತರಗತಿಯಲ್ಲಿ ಇದನ್ನು ಕಲಿಯುತ್ತೇವೆ, ವೇದಿಕೆ ಹತ್ತುವಾಗ ಕೆಳಗೆ ಬಿಟ್ಟು ಹತ್ತುತ್ತೇವೆ. ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ಹದಿನಾರರ ಹುಡುಗನಿಗೆ ಆ ಪ್ರಸಂಗ ಏನು ಮಾಡಿತೆಂದು ನಮಗೆ ತಿಳಿಯುವುದೇ ಇಲ್ಲ.

ಹಾಗೆಂದು ಧರ್ಮವೇ ಈ ರೋಗವನ್ನು ತರುತ್ತದೆಂದು ಹೇಳಲು ಆಧಾರವಿಲ್ಲ. ಗೀಳಿಗೆ ಬಟ್ಟೆ ಹೊಲಿದು ಕೊಡುವುದು ಪರಿಸರ, ಮೈ ಬೇರೆ ಕಡೆಯಿಂದ ಬಂದದ್ದು. 'ಅಂಜಿಕೆಯ ನಾನು' ಎಂಬ ಸಿದ್ಧಾಂತದ ಆಧಾರವನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಅದರ ಬಹುಭಾಗ ಪ್ರಶ್ನಾವಳಿಗಳ ಮೇಲೆ ನಿಂತಿದೆ. ಭಯವೂ ಲಕ್ಷಣವೂ ಒಟ್ಟಿಗೆ ಇರುತ್ತವೆಂದು ಅವು ಹೇಳಬಲ್ಲವು, ಯಾವುದು ಯಾವುದನ್ನು ಹೆತ್ತಿತೆಂದು ಹೇಳಲಾರವು. ಭಾರ್ ಮತ್ತು ಕಿರಿಯೋಸ್ 2007ರಲ್ಲಿ ಕಂಡಂತೆ, ತನ್ನ ಕುರಿತಾದ ಇಬ್ಬಂದಿತನವು ಗೀಳಿನ ರೋಗಿಗಳಲ್ಲಿ ಆರೋಗ್ಯವಂತರಿಗಿಂತ ಹೆಚ್ಚಿತ್ತು ನಿಜ, ಆದರೆ ಇತರ ಆತಂಕದ ರೋಗಿಗಳಿಗಿಂತ ಹೆಚ್ಚಿರಲಿಲ್ಲ. ಆದ್ದರಿಂದ ಇದೇ ಈ ರೋಗದ ಬೇರು ಎನ್ನುವುದು ಅವಸರವಾದೀತು.

ನನ್ನ ಮುಖ್ಯ ಆಕ್ಷೇಪ ಇದಲ್ಲ. ಈ ಪಂಥದ ಚಿಕಿತ್ಸೆ ರೋಗಿಗೆ ಹೇಳುವುದು ಇಷ್ಟು: ನೀನು ಅಂಜುವ ಆ ವ್ಯಕ್ತಿ ಕಲ್ಪನೆಯವನು, ನಿಜವಾದ ನೀನು ನಿನ್ನ ದಿನನಿತ್ಯದ ಬದುಕಿನಲ್ಲಿ, ನೀನು ಮಾಡುವ ಆಯ್ಕೆಗಳಲ್ಲಿ ಕಾಣುತ್ತಿದ್ದೀ, ಅದನ್ನು ನಂಬು. ಒಳ್ಳೆಯ ಮಾತು, ಅನೇಕರಿಗೆ ಉಪಕಾರ ಮಾಡಿದ ಮಾತು. ಆದರೆ ಸತ್ಯವೇದವನ್ನು ಬಲ್ಲ ರೋಗಿ ಇದಕ್ಕೆ ಏನು ಹೇಳುತ್ತಾನೆ? ಹೃದಯವು ಎಲ್ಲಕ್ಕಿಂತ ವಂಚಕವೆಂದು ಯೆರೆಮೀಯನು 17:9ರಲ್ಲಿ ಹೇಳಿದ್ದಾನೆ, ಆದುದರಿಂದ ನನ್ನ ಬದುಕು ಕೊಡುವ ಸಾಕ್ಷ್ಯವನ್ನು ನಾನು ನಂಬಲಾರೆ ಎನ್ನುತ್ತಾನೆ. ನೀನು ಅಂಥವನಲ್ಲ ಎಂದು ಚಿಕಿತ್ಸಕರು ಹೇಳಿದರೆ, ನಾವೆಲ್ಲರೂ ಪಾಪಿಗಳು ಎಂದು ಅವನ ಸಭೆ ಪ್ರತಿ ಭಾನುವಾರ ಹೇಳುತ್ತದೆ. ಇಬ್ಬರ ನಡುವೆ ಅವನು ನುಜ್ಜುಗುಜ್ಜಾಗುತ್ತಾನೆ. ಈ ಬಿಕ್ಕಟ್ಟನ್ನು ಬಿಡಿಸುವುದು ಮನೋವಿಜ್ಞಾನದ ಕೆಲಸವಲ್ಲ, ದೈವಶಾಸ್ತ್ರದ್ದು. ಮತ್ತು ನಾವು ಅದನ್ನು ಮಾಡಿಲ್ಲ.

ಯೆರೆಮೀಯನ ಆ ವಾಕ್ಯವನ್ನು ಮುಂದಿನ ವಾಕ್ಯದಿಂದ ಕತ್ತರಿಸಿ ಓದುವುದೇ ಎಡವಟ್ಟಿನ ಮೂಲ. ಹೃದಯವನ್ನು ಯಾರು ಬಲ್ಲರು ಎಂಬ 9ನೆಯ ವಾಕ್ಯದ ಪ್ರಶ್ನೆಗೆ 10ನೆಯ ವಾಕ್ಯ ಉತ್ತರ ಕೊಡುತ್ತದೆ: ಅದನ್ನು ಪರೀಕ್ಷಿಸುವವನು ಕರ್ತನು. ಅಂದರೆ ಪ್ರವಾದಿಯು ಪ್ರತಿಯೊಬ್ಬನಿಗೂ ತನ್ನ ಎದೆಯೊಳಗೆ ಪತ್ತೇದಾರಿಕೆ ನಡೆಸುವ ಕೆಲಸವನ್ನು ಕೊಡುತ್ತಿಲ್ಲ, ಅದನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತಿದ್ದಾನೆ. 139ನೆಯ ಕೀರ್ತನೆಯ ಕೊನೆಯಲ್ಲಿ ಭಕ್ತನು ದೇವರನ್ನು ಶೋಧಿಸೆಂದು ಬೇಡುತ್ತಾನೆ. ತಾನೇ ಶೋಧಿಸಿ ವರದಿ ಒಪ್ಪಿಸುವುದಿಲ್ಲ. ಪೌಲನಂತೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ತನ್ನನ್ನು ತಾನೇ ವಿಚಾರಣೆ ಮಾಡಿಕೊಳ್ಳುವುದಿಲ್ಲವೆಂದು ನೇರವಾಗಿ ಹೇಳುತ್ತಾನೆ. ತನ್ನಲ್ಲಿ ದೋಷ ಕಾಣದಿರುವುದನ್ನೂ ಅವನು ಖುಲಾಸೆಯೆಂದು ಎಣಿಸುವುದಿಲ್ಲ. ಮೊಕದ್ದಮೆಯನ್ನೇ ಬೇರೊಂದು ನ್ಯಾಯಸ್ಥಾನಕ್ಕೆ ವರ್ಗಾಯಿಸುತ್ತಾನೆ. ಪಾಪದ ಬೋಧನೆಯು ಎಲ್ಲ ಮಾನವರೂ ದೇವರ ಮುಂದೆ ಒಟ್ಟಾಗಿ ಮಾಡುವ ಅರಿಕೆ. ಒಬ್ಬನು ತನ್ನೊಳಗೆ ಅಗೆದು ಪತ್ತೆ ಮಾಡಿದ ಗುಟ್ಟಲ್ಲ. ಈ ವ್ಯತ್ಯಾಸವನ್ನು ಬಿಟ್ಟರೆ ನಮ್ಮ ಪಾಪನಿವೇದನೆಯೇ ರೋಗದ ಕೈಯಾಳಾಗುತ್ತದೆ.

ಬನ್ಯನನಿಗೆ ಬಿಡುಗಡೆ ಬಂದದ್ದು ಈ ದಾರಿಯಲ್ಲಿಯೇ. ಹೊಲದಲ್ಲಿ ನಡೆಯುತ್ತಿದ್ದಾಗ, ತನ್ನ ನೀತಿಯು ಪರಲೋಕದಲ್ಲಿದೆ, ದೇವರ ಬಲಗಡೆಯಲ್ಲಿರುವ ಕ್ರಿಸ್ತನೇ ಅದು ಎಂಬ ಅರಿವು ಅವನಿಗಾಯಿತು. ತನ್ನ ಮನಸ್ಸಿನ ಸ್ಥಿತಿ ಒಳ್ಳೆಯದಾದರೆ ಅದು ಹೆಚ್ಚುವುದಿಲ್ಲ, ಕೆಟ್ಟದಾದರೆ ಕಡಿಮೆಯಾಗುವುದಿಲ್ಲ. ಅವನು ಸತ್ಯವೇದದ ನಂತರ ಎಲ್ಲಕ್ಕಿಂತ ಮಿಗಿಲೆಂದು ಎಣಿಸಿದ್ದು ಗಲಾತ್ಯದವರಿಗೆ ಬರೆದ ಪತ್ರಿಕೆಯ ಮೇಲಿನ ಲೂಥರನ ವ್ಯಾಖ್ಯಾನವನ್ನು. ನಮ್ಮ ನೀತಿ ನಮ್ಮ ಹೊರಗಿದೆಯೆಂಬುದು ಆ ವ್ಯಾಖ್ಯಾನದ ಜೀವಾಳ. ಆ ಅರಿವಿನಲ್ಲಿ 'ನಾನು ಅಂಥವನಲ್ಲ' ಎಂಬ ಸಮರ್ಥನೆಯಿಲ್ಲ, 'ನಾನು ಅಂಥವನೇ' ಎಂಬ ಒಪ್ಪಿಗೆಯೂ ಇಲ್ಲ. ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪ್ರಶ್ನೆಯ ಮೇಲೆ ಯಾವುದೂ ನಿಂತಿಲ್ಲವೆಂದಾಯಿತು. ನಿಜವಾದ ನಾನು ಎಂಬುದನ್ನು ತನ್ನ ಅನುಭವದಲ್ಲಿ ಹುಡುಕಿ ಹಿಡಿದುಕೊಳ್ಳೆನ್ನುವ ಚಿಕಿತ್ಸೆ ತಲುಪಲಾರದ ಸ್ಥಳ ಇದು.

ಆದರೆ ಇಷ್ಟರಿಂದ ನಾವು ಗೆದ್ದೆವೆಂದು ಬೀಗುವುದು ಅಪಾಯ. ಅತ್ಯುತ್ತಮ ದೈವಶಾಸ್ತ್ರವನ್ನೂ ಗೀಳು ಒತ್ತಾಯದ ಕ್ರಿಯೆಯಾಗಿ ಮಾರ್ಪಡಿಸಿಕೊಳ್ಳಬಲ್ಲದು. ಬನ್ಯನನ ಪುಸ್ತಕದಲ್ಲಿಯೇ ವೇದವಾಕ್ಯಗಳು ಒಂದರ ಮೇಲೊಂದು ಬಂದೆರಗುತ್ತವೆ: ಸಾಂತ್ವನದ ವಾಕ್ಯ ಬಂದು ಒಂದು ಗಳಿಗೆ ಆರಾಮ, ಏಸಾವನ ವಾಕ್ಯ ಬಂದು ಮತ್ತೆ ನರಕ. ಕಾದಾಟದ ವರ್ಣನೆ ಎಷ್ಟೇ ಭವ್ಯವಾಗಿದ್ದರೂ, ಅಲ್ಲಿ ವಾಕ್ಯವನ್ನು ಓದುವುದು ನಿಂತು ವಾಕ್ಯದಿಂದ ಶಕುನ ನೋಡುವುದು ನಡೆದಿದೆ. ವಿಮರ್ಶಕರು ಇದನ್ನು ಅವನ ವೇದನಿಷ್ಠೆಯೆಂದು ಹೊಗಳುವುದನ್ನು ನಾನು ಒಪ್ಪಲಾರೆ. ಮನ್ರೇಸದಲ್ಲಿ ಇಗ್ನೇಷಿಯಸ್ ಲೊಯೋಲನ ಪಾಡೂ ಹೀಗೆಯೇ ಇತ್ತು. ಪಾಪನಿವೇದನೆಯನ್ನು ಮತ್ತೆ ಮತ್ತೆ ಮಾಡಿದರೂ ತೃಪ್ತಿಯಿಲ್ಲ. ಬಹಳ ಸ್ಪಷ್ಟವಾದುದರ ಹೊರತು ಹಳೆಯದೇನನ್ನೂ ನಿವೇದಿಸಬೇಡವೆಂದು ಅವನ ಗುರು ಕಟ್ಟಪ್ಪಣೆ ಮಾಡಿದರು. ಆದರೆ ಇಗ್ನೇಷಿಯಸನಿಗೆ ಎಲ್ಲವೂ ಬಹಳ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಅಪ್ಪಣೆಯಲ್ಲಿಟ್ಟ ಒಂದೇ ಒಂದು ವಿನಾಯಿತಿಯೊಳಗಿಂದ ರೋಗ ಮರಳಿ ಬಂದಿತು. ಅವನು ತನ್ನ ಕೋಣೆಯಲ್ಲಿದ್ದ ಗುಂಡಿಗೆ ಹಾರಿ ಸಾಯುವ ಪ್ರೇರಣೆಯವರೆಗೂ ಹೋದನೆಂಬುದನ್ನು ಮರೆಯಬಾರದು.

ಆದುದರಿಂದ ಒಬ್ಬ ವಿಶ್ವಾಸಿ ನಾಲ್ಕನೆಯ ಸಾರಿ ಬಂದು, ಅಯ್ಯನವರೇ, ನಾನು ಪವಿತ್ರಾತ್ಮನನ್ನು ದೂಷಿಸಿರಬಹುದೇ ಎಂದು ಕೇಳಿದಾಗ, ಸಭಾಪಾಲಕನು ಎದುರಿಸುವುದು ಜ್ಞಾನದ ಕೊರತೆಯನ್ನಲ್ಲ. ಮೊದಲ ಸಾರಿ ಕೊಟ್ಟ ಉತ್ತರ ಬೋಧನೆ. ನಾಲ್ಕನೆಯ ಸಾರಿ ಕೊಡುವ ಅದೇ ಉತ್ತರ ರೋಗಕ್ಕೆ ಉಣಿಸುವ ತುತ್ತು. ಪಶ್ಚಾತ್ತಾಪ ಪಡುವವನು ತಾನು ಮಾಡಿದ್ದನ್ನು ಹೆಸರಿಸುತ್ತಾನೆ, ಕ್ಷಮೆ ಪಡೆದು ಎದ್ದು ಹೋಗುತ್ತಾನೆ. ಗೀಳಿನವನು ಮಾಡಿರಬಹುದಾದದ್ದನ್ನು ಹೇಳುತ್ತಾನೆ. ಅದಕ್ಕೆ ಹೆಸರಿಲ್ಲ, ಆದ್ದರಿಂದ ಕೊನೆಯೂ ಇಲ್ಲ. ಎರಡಕ್ಕೂ ಒಂದೇ ಪ್ರಾರ್ಥನೆ ಮಾಡಿ ಕಳುಹಿಸುವುದು ಸಾಲದು. ಇಂಥವರನ್ನು ದೆವ್ವ ಬಿಡಿಸುವ ಕೂಟಗಳಿಗೆ ಕರೆದೊಯ್ಯುವುದಂತೂ ಅಂಜಿಕೆಯ ನಾನು ನಿಜವೆಂದು ಸಭೆಯೇ ಮುದ್ರೆ ಒತ್ತಿ ಕೊಟ್ಟಂತೆ: ಆ ಹಿರಿಯ ವಿಶ್ವಾಸಿಯ ಉತ್ತರ, ಧ್ವನಿವರ್ಧಕದಲ್ಲಿ. ಈ ಉತ್ತರವನ್ನು ಇನ್ನು ಮೇಲೆ ನಾನು ಹೇಳುವುದಿಲ್ಲ, ಏಕೆಂದರೆ ಅದು ನಿಮ್ಮನ್ನು ಕಟ್ಟಿಹಾಕುತ್ತಿದೆ, ಉತ್ತರವಿಲ್ಲದೆಯೇ ಈ ಭಾನುವಾರ ಕರ್ತನ ಮೇಜಿಗೆ ಬನ್ನಿ ಎಂದು ಹೇಳುವ ಧೈರ್ಯ ಬೇಕು. ಜೊತೆಗೆ ವೈದ್ಯರ ಬಳಿಗೆ ಕಳುಹಿಸುವ ವಿನಯವೂ ಬೇಕು. ಭಯ ಹುಟ್ಟಿಸುವುದನ್ನು ಎದುರಿಸಿ ಒತ್ತಾಯದ ಕ್ರಿಯೆಯನ್ನು ತಡೆಹಿಡಿಯುವ ಚಿಕಿತ್ಸೆಯನ್ನು 1966ರಲ್ಲಿ ವಿಕ್ಟರ್ ಮೇಯರ್ ವರದಿ ಮಾಡಿದಂದಿನಿಂದ ಈ ರೋಗ ಅಸಾಧ್ಯವೆಂಬ ಮಾತು ಹಳತಾಯಿತು; ಔಷಧಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಸಾಯುವ ಮಾತನ್ನು ಆಡಿದವರನ್ನು ಕಳುಹಿಸಲು ಒಂದು ದಿನವೂ ಕಾಯಬಾರದು.

'ಗ್ರೇಸ್ ಅಬೌಂಡಿಂಗ್' ಕೃತಿಯ ಕೊನೆಯ ಪುಟಗಳಿಗೆ ಬಂದಾಗ, ಜಯದ ಘೋಷಣೆಯನ್ನು ನಿರೀಕ್ಷಿಸುವ ಓದುಗನಿಗೆ ನಿರಾಶೆಯಾಗುತ್ತದೆ. ಇಂದಿಗೂ ತನ್ನ ಹೃದಯದಲ್ಲಿರುವ ಏಳು ಅಸಹ್ಯಗಳನ್ನು ಬನ್ಯನನು ಅಲ್ಲಿ ಪಟ್ಟಿ ಮಾಡುತ್ತಾನೆ. ಪ್ರಸಂಗ ಮಾಡುತ್ತಿರುವಾಗಲೇ ಸಭೆಯ ಮುಂದೆ ದೇವದೂಷಣೆಯ ಮಾತುಗಳನ್ನು ಆಡಿಬಿಡುವ ಪ್ರೇರಣೆ ತನಗೆ ಬರುತ್ತಿತ್ತೆಂದು ಅದಕ್ಕೂ ಮೊದಲು ಹೇಳಿಕೊಂಡಿದ್ದಾನೆ. ಆ ಪ್ರೇರಣೆ ತನ್ನನ್ನು ಎಂಥವನೆಂದು ತೋರಿಸುತ್ತದೆ ಎಂದು ಅಲ್ಲಿ ಅವನು ಕೇಳುವುದಿಲ್ಲ. ಪ್ರಸಂಗವನ್ನು ಮುಂದುವರಿಸಿದನು.